ಮೂರನೆಯವಳ ಪಾಲು: ವಿಚ್ಛೇದನದ ನಂತರ ಮುಪ್ಪಿನ ಗಂಟನ್ನು ಮತ್ತೆ ಕಟ್ಟುವ ಬಗೆ

ಜೀವನಾಂಶದ ಅರ್ಜಿಗೆಂದು ವಕೀಲರು ತಿಂಗಳ ಖರ್ಚಿನ ಪಟ್ಟಿ ಕೇಳಿದ್ದರು. ದಾವಣಗೆರೆಯ ನಿಟ್ಟುವಳ್ಳಿಯ ಬಾಡಿಗೆ ಮನೆಯಲ್ಲಿ ಕುಳಿತು ಒಂದಿಡೀ ಸಂಜೆ ಬರೆದೆ. ಬಾಡಿಗೆ, ಹಾಲು, ಗ್ಯಾಸ್, ದಿನಸಿ, ಮಗಳ ಶಾಲೆಯ ಶುಲ್ಕ, ಅವಳ ಆಟೊ. ನನ್ನದು ಮತ್ತು ಮಗಳದು, ಎರಡು ಜೀವಗಳ ಲೆಕ್ಕ ಮುಗಿಯಿತೆಂದು ಹಾಳೆಯನ್ನು ಮಡಚಿ ಕೊಟ್ಟೆ. ಆ ಮನೆಯಲ್ಲಿ ಮೂರನೆಯವಳೊಬ್ಬಳಿದ್ದಳು ಎಂಬುದು ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಅವಳು ಅರವತ್ತೈದು ವರ್ಷದ ನಾನು. ದುಡಿಮೆ ನಿಂತಿರುತ್ತದೆ, ಕಾಲುನೋವು ಶುರುವಾಗಿರುತ್ತದೆ, ಬಾಡಿಗೆ ಮಾತ್ರ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಅವಳ ಹೆಸರಿನಲ್ಲಿ ಪಟ್ಟಿಯಲ್ಲಿ ಒಂದು ರೂಪಾಯಿಯೂ ಇರಲಿಲ್ಲ.

ವಿಚ್ಛೇದನವಾದಾಗ ನನಗೆ 38 ವರ್ಷ, ಮಗಳಿಗೆ ಎಂಟು. ಮದುವೆಗೆ ಮುಂಚಿನ ಮೂರು ವರ್ಷದ ಕೆಲಸದಲ್ಲಿ ಕೂಡಿದ್ದ ಪಿಎಫ್ ಹಣವನ್ನು ತೆಗೆದು ಗಂಡನ ಅಂಗಡಿಯ ಮುಂಗಡಕ್ಕೆ ಕೊಟ್ಟಿದ್ದೆ. ನಡುವೆ ಒಂಬತ್ತು ವರ್ಷ ಸಂಬಳವೇ ಇರಲಿಲ್ಲ. ಈಗ ನನಗೆ 48. ಹರಿಹರದ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುತ್ತೇನೆ. ಈ ಹತ್ತು ವರ್ಷಗಳಲ್ಲಿ ನಾನು ಮಾಡಿದ್ದನ್ನು, ತಡವಾಗಿ ಕಲಿತದ್ದನ್ನು ನಿಮಗೆ ಹಂತಹಂತವಾಗಿ ಹೇಳುತ್ತೇನೆ. ಮಗುವನ್ನು ಒಬ್ಬರೇ ಸಾಕುತ್ತಿರುವ ತಂದೆಯರಿಗೂ ಇದರ ಬಹುಪಾಲು ಅನ್ವಯಿಸುತ್ತದೆ. ಆದರೆ ನನ್ನ ಕಣ್ಣ ಮುಂದಿರುವವರು ತವರಿಗೆ ಮರಳಿದ, ಅಥವಾ ತವರೂ ಇಲ್ಲದ ಹೆಣ್ಣುಮಕ್ಕಳು.

ಹಂತ 1: ಪ್ರಕರಣ ಇನ್ನೂ ನಡೆಯುತ್ತಿದ್ದರೆ

ನಮ್ಮಲ್ಲಿ ಗಂಡನ ಪಿಎಫ್ ಖಾತೆಯನ್ನು ಎರಡು ಪಾಲು ಮಾಡಿ ಹೆಂಡತಿಯ ಖಾತೆಗೆ ವರ್ಗಾಯಿಸುವ ಏರ್ಪಾಡು ಇಲ್ಲ. ಅವರು ಕೂಡಿಟ್ಟ ಮುಪ್ಪಿನ ಹಣ ಅವರದಾಗಿಯೇ ಉಳಿಯುತ್ತದೆ. ಹಾಗಾಗಿ ನಿಮ್ಮ ಮುಪ್ಪಿನ ಮಾತನ್ನು ಜೀವನಾಂಶದ ಹಂತದಲ್ಲೇ ಎತ್ತಬೇಕು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ ಮತ್ತು ಸಾಲದ ವಿವರವನ್ನು ಅಫಿಡವಿಟ್‌ನಲ್ಲಿ ಸಲ್ಲಿಸಬೇಕು. ಮನೆ, ಮಕ್ಕಳಿಗಾಗಿ ಹೆಂಡತಿ ಉದ್ಯೋಗದ ಅವಕಾಶ ಬಿಟ್ಟಿದ್ದರೆ ಅದನ್ನೂ ಪರಿಗಣಿಸಬೇಕೆಂದು ಅದೇ ತೀರ್ಪು ಹೇಳುತ್ತದೆ. ನೀವು ಎಷ್ಟು ವರ್ಷ ಕೆಲಸ ಬಿಟ್ಟಿರಿ, ಆಗ ಸಂಬಳ ಎಷ್ಟಿತ್ತು, ಪಿಎಫ್ ಎಷ್ಟು ತಪ್ಪಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ವಕೀಲರ ಕೈಗೆ ಕೊಡಿ. ಅವರಾಗಿಯೇ ಕೇಳಲಿ ಎಂದು ಕಾಯಬೇಡಿ.

ವಕೀಲರ ಶುಲ್ಕಕ್ಕೆ ಹಣವಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಅದಕ್ಕೆ ಆದಾಯದ ಮಿತಿಯಿಲ್ಲ. ಇದು ಗೊತ್ತಿಲ್ಲದೆ ಒಡವೆ ಅಡವಿಟ್ಟು ವಕೀಲರನ್ನು ಇಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಇನ್ನೊಂದು ಮಾತು: ಮಗುವಿನ ಜೀವನಾಂಶ ಪೂರ್ತಿಯಾಗಿ ಅದರ ತಂದೆಯ ದುಡಿಮೆಯ ಮೇಲೆ ನಿಂತಿರುತ್ತದೆ. ರಾಜಿ ಒಪ್ಪಂದ ಮಾಡಿಕೊಳ್ಳುವುದಾದರೆ, ಅವರ ಜೀವದ ಮೇಲೆ ಮಗುವಿನ ಹೆಸರಿಗೆ ಟರ್ಮ್ ವಿಮೆ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಬರುವ ಜೀವ ವಿಮೆ) ಮಾಡಿಸುವ ಷರತ್ತನ್ನು ಸೇರಿಸಲು ಕೇಳಿ.

ಹಂತ 2: ಕಾಗದಗಳಲ್ಲಿ ಹೆಸರು ಬದಲಿಸುವುದು

ಡಿಕ್ರಿ, ಅಂದರೆ ನ್ಯಾಯಾಲಯದ ವಿಚ್ಛೇದನದ ಆದೇಶ, ಕೈಗೆ ಬಂದ ವಾರದಲ್ಲೇ ಆಗಬೇಕಾದ ಕೆಲಸ ಇದು. ಹೂಡಿಕೆ, ಬಡ್ಡಿ, ಲಾಭ ಎಲ್ಲವೂ ಆಮೇಲೆ. ವಿಚ್ಛೇದನವಾದ ಮಾತ್ರಕ್ಕೆ ಬ್ಯಾಂಕಿನಲ್ಲಿ, ವಿಮೆಯಲ್ಲಿ, ಪಿಎಫ್‌ನಲ್ಲಿ ಇರುವ ನಾಮಿನಿಯ ಹೆಸರು ತಾನಾಗಿ ಅಳಿಸಿ ಹೋಗುವುದಿಲ್ಲ. ನಾಳೆ ನಿಮಗೆ ಏನಾದರೂ ಆದರೆ ಬ್ಯಾಂಕು ತನ್ನ ದಾಖಲೆಯಲ್ಲಿರುವ ಹೆಸರಿಗೇ ಹಣ ಕೊಡುತ್ತದೆ. ನಾಮಿನಿ ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು ಎಂದು ಕಾನೂನು ಹೇಳಬಹುದು. ಆದರೆ ಅದನ್ನು ಕೇಳಿಕೊಂಡು ನಿಮ್ಮ ಮಗು ಅಲೆಯಬೇಕಾಗುತ್ತದೆ.

ಪಿಎಫ್‌ನ ನಾಮನಿರ್ದೇಶನವನ್ನು ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಮೂಲಕ ಆನ್‌ಲೈನ್‌ನಲ್ಲೇ ಬದಲಿಸಬಹುದು. ಅದರ ಜೊತೆಗೇ ಕುಟುಂಬದ ವಿವರವನ್ನೂ ಸರಿಪಡಿಸಿ, ಏಕೆಂದರೆ ನೌಕರರ ಪಿಂಚಣಿ ಯೋಜನೆಯಲ್ಲಿ ಸದಸ್ಯರ ಮರಣಾನಂತರ ಮಕ್ಕಳಿಗೆ 25 ವರ್ಷ ತುಂಬುವವರೆಗೆ ಪಿಂಚಣಿಯ ಪಾಲು ಇರುತ್ತದೆ. ಅಟಲ್ ಪಿಂಚಣಿ ಯೋಜನೆಯಲ್ಲಿದ್ದರೆ ಇನ್ನೂ ಎಚ್ಚರ ಬೇಕು: ವಿವಾಹಿತರಿಗೆ ಅಲ್ಲಿ ಸಂಗಾತಿಯೇ ತಾನಾಗಿ ನಾಮಿನಿ. ಬ್ಯಾಂಕಿಗೆ ಡಿಕ್ರಿಯ ಪ್ರತಿ ಕೊಟ್ಟು ಅದನ್ನು ಬದಲಿಸಿಕೊಳ್ಳಿ. ಅಂಚೆ ಕಚೇರಿಯ ಪಾಸ್‌ಬುಕ್, ಎಲ್‌ಐಸಿ ಪಾಲಿಸಿ, ಮ್ಯೂಚುವಲ್ ಫಂಡ್, ಲಾಕರ್ ಯಾವುದನ್ನೂ ಬಿಡಬೇಡಿ. ಜಂಟಿ ಉಳಿತಾಯ ಖಾತೆಯನ್ನು ಮುಚ್ಚಿಸಿ.

ನಾಮಿನಿ ಅಪ್ರಾಪ್ತ ಮಗುವಾದರೆ ಆ ಹಣವನ್ನು ಮಗುವಿನ ಪರವಾಗಿ ಪಡೆಯುವ ಹಿರಿಯರೊಬ್ಬರ ಹೆಸರನ್ನು ಕೇಳುತ್ತಾರೆ. ಈ ಜಾಗವನ್ನು ಖಾಲಿ ಬಿಡಬೇಡಿ. ತಾಯಿ ಇಲ್ಲವಾದರೆ ಸಹಜ ಪಾಲಕರೆಂದು ತಂದೆಯೇ ಮುಂದೆ ಬರುತ್ತಾರೆ, ಮಗುವಿನ ಹಣವೂ ಅವರ ಕೈಗೆ ಹೋಗಬಹುದು. ನಾನು ನನ್ನ ಅಕ್ಕನ ಹೆಸರು ಬರೆಸಿದೆ, ಒಂದು ಉಯಿಲನ್ನೂ ಬರೆದೆ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಪಡಿತರ ಚೀಟಿಯನ್ನು ನಾನು ತೀರಾ ತಡವಾಗಿ ನೆನಪಿಸಿಕೊಂಡೆ. ಗಂಡನ ಮನೆಯ ಚೀಟಿಯಿಂದ ಹೆಸರು ತೆಗೆಸಿ, ನಿಮ್ಮದೂ ಮಗುವಿನದೂ ಪ್ರತ್ಯೇಕ ಚೀಟಿಗೆ ಅರ್ಜಿ ಹಾಕಿ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದು ಚೀಟಿಯಲ್ಲಿ ಕುಟುಂಬದ ಯಜಮಾನಿ ಎಂದು ದಾಖಲಾದ ಮಹಿಳೆಗೆ. ನಿಮ್ಮ ಹೆಸರು ಅತ್ತೆಯ ಚೀಟಿಯಲ್ಲೇ ಉಳಿದಿದ್ದರೆ ನಿಮಗೆ ಅದು ದಕ್ಕುವುದಿಲ್ಲ. ಆದಾಯ ತೆರಿಗೆ ಕಟ್ಟುವವರಿಗೆ ಈ ಯೋಜನೆ ಇಲ್ಲ ಎಂಬುದೂ ನೆನಪಿರಲಿ.

ಹಂತ 3: ನಿಮ್ಮ ಹೆಸರಿನಲ್ಲಿ ಉಳಿದಿರುವ ಸಾಲ

ವಿಚ್ಛೇದನದ ಡಿಕ್ರಿಯಿಂದ ಸಾಲದ ಕರಾರು ಬದಲಾಗುವುದಿಲ್ಲ. ಗೃಹಸಾಲಕ್ಕೆ ನೀವು ಜಂಟಿ ಸಹಿ ಹಾಕಿದ್ದರೆ, ಕಂತನ್ನು ಗಂಡನೇ ಕಟ್ಟಬೇಕೆಂದು ರಾಜಿ ಪತ್ರದಲ್ಲಿ ಬರೆದಿದ್ದರೂ ಬ್ಯಾಂಕಿನ ಪಾಲಿಗೆ ನೀವಿಬ್ಬರೂ ಸಾಲಗಾರರೇ. ಜಾಮೀನು ಹಾಕಿದವರ ಪಾಡೂ ಅದೇ.

ನಾನು ಅಂಗಡಿಯ ಸಾಲವೊಂದಕ್ಕೆ ಜಾಮೀನುದಾರಳಾಗಿದ್ದೆ. ಯಾವಾಗ ಸಹಿ ಹಾಕಿದೆ ಎಂಬುದೂ ನೆನಪಿರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಕಾಗದ ಮುಂದಿಟ್ಟರು, ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕಿದೆ. ಡಿಕ್ರಿಯಾದ ಮರುವರ್ಷ ನೋಟಿಸ್ ನನ್ನ ಹೊಸ ವಿಳಾಸಕ್ಕೆ ಬಂತು. ಎರಡು ತಿಂಗಳು ಅಲೆದು, ಮಾತಾಡಿ, ನನ್ನ ಪಾಲಿಗೆ ಇಷ್ಟೆಂದು ಕಟ್ಟಿ ಕಾಗದ ಪಡೆದೆ. ಸಾಲಗಾರ ಬದುಕಿದ್ದಾಗ, ದುಡಿಯುತ್ತಿದ್ದಾಗ ಜಾಮೀನುದಾರಳ ಬಾಗಿಲಿಗೇಕೆ ಬಂದಿರಿ ಎಂದು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಆ ಸಹಿಯ ನೋವು ಇಂದಿಗೂ ಮಾಸಿಲ್ಲ.

ಆದ್ದರಿಂದ ಮೊದಲು ನಿಮ್ಮ ಕ್ರೆಡಿಟ್ ವರದಿ ತೆಗೆಸಿ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ನಿಮ್ಮ ಹೆಸರಿನಲ್ಲಿ ನಡೆಯುತ್ತಿರುವ ಸಾಲಗಳನ್ನೆಲ್ಲ ಅದರಲ್ಲಿ ನೋಡಬಹುದು. ಜಂಟಿ ಸಾಲವಿದ್ದರೆ ಅದನ್ನು ತೀರಿಸುವುದೋ, ಒಬ್ಬರ ಹೆಸರಿಗೆ ಮಾಡಿಸುವುದೋ, ಲಿಖಿತವಾಗಿ ಇತ್ಯರ್ಥವಾಗುವವರೆಗೆ ಬಿಡಬೇಡಿ. ಸ್ವಸಹಾಯ ಸಂಘದಲ್ಲಿ ಅಥವಾ ಕಿರುಸಾಲ ಕಂಪನಿಯಲ್ಲಿ ಮನೆಯ ಖರ್ಚಿಗೆಂದು ತೆಗೆದ ಸಾಲವಿದ್ದರೆ, ಬಡ್ಡಿ ಹೆಚ್ಚಿರುವುದನ್ನು ಮೊದಲು ಮುಗಿಸಿ. ಶೇ 24ರ ಬಡ್ಡಿ ಕಟ್ಟುತ್ತಾ ಶೇ 7ರ ಠೇವಣಿ ಇಡುವುದರಲ್ಲಿ ಉಳಿತಾಯವಿಲ್ಲ.

ಹಂತ 4: ಇಡಿಗಂಟು ಬಂದಾಗ ಆರು ತಿಂಗಳು ಕೈ ಕಟ್ಟಿ ಕುಳಿತುಕೊಳ್ಳಿ

ನನಗೆ ಶಾಶ್ವತ ಜೀವನಾಂಶವೆಂದು ಬಂದದ್ದು ಏಳು ಲಕ್ಷ ರೂಪಾಯಿ. ಹಣ ಖಾತೆಗೆ ಬಿದ್ದ ದಿನದಿಂದ ಸಲಹೆಗಳು ಬಂದವು. ಹದಡಿ ರಸ್ತೆಯ ಆಚೆ ನಿವೇಶನ ನೋಡೋಣವೆಂದು ಅಣ್ಣ ಹೇಳಿದ. ಮಗಳ ಮದುವೆಗೆ ಬಂಗಾರ ಮಾಡಿಸಿಡು ಎಂದು ಅವ್ವ ಹೇಳಿದಳು. ಮಂಡಿಪೇಟೆಯ ಪರಿಚಿತರೊಬ್ಬರು ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿಗೆ ಬಿಟ್ಟು ಕೊಡುತ್ತೇನೆ ಎಂದರು. ಎಲ್ಲರೂ ನನ್ನ ಒಳಿತಿಗೇ ಹೇಳಿದರು ಎಂದು ನಂಬುತ್ತೇನೆ. ಆದರೆ ಆ ಹೊತ್ತಿನಲ್ಲಿ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಅತ್ತ ಹಣಕ್ಕೂ ಆಗ ಯಾರು ಬೇಕಾದರೂ ದಾರಿ ತೋರಿಸಬಹುದು.

ಇಡಿಗಂಟನ್ನು ಸರ್ಕಾರಿ ಬ್ಯಾಂಕೊಂದರಲ್ಲಿ ಆರು ತಿಂಗಳ ನಿಶ್ಚಿತ ಠೇವಣಿಯಲ್ಲಿಟ್ಟು ಸುಮ್ಮನಿದ್ದೆ. ನಂತರ ಹೀಗೆ ಹಂಚಿದೆ: ಜಾಮೀನಿನ ಮತ್ತು ಕೈಸಾಲದ ಬಾಕಿಗೆ ಒಂದು ಲಕ್ಷ, ಕಷ್ಟಕಾಲದ ನಿಧಿಗೆ ಒಂದೂವರೆ ಲಕ್ಷ, ಉಳಿದ ನಾಲ್ಕೂವರೆ ಲಕ್ಷ ಮೂರನೆಯವಳಿಗೆ. ಪಿಪಿಎಫ್‌ನಲ್ಲಿ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಒಂದು ಆರ್ಥಿಕ ವರ್ಷಕ್ಕೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಆದ್ದರಿಂದ ಮೂರು ವರ್ಷ, ಪ್ರತಿ ಏಪ್ರಿಲ್ ಮೊದಲ ವಾರದಲ್ಲಿ, ಠೇವಣಿಯಿಂದ ಒಂದೂವರೆ ಲಕ್ಷ ತೆಗೆದು ಅಲ್ಲಿಗೆ ಹಾಕಿದೆ. ಮೊದಲ ವಾರ ಏಕೆಂದರೆ, ಪಿಪಿಎಫ್‌ನಲ್ಲಿ ಬಡ್ಡಿ ಲೆಕ್ಕವಾಗುವುದು ತಿಂಗಳ 5ನೇ ತಾರೀಕಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ. ಐದರೊಳಗೆ ಹಾಕಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ.

ನಿವೇಶನ ಕೊಂಡಿದ್ದರೆ ಇವತ್ತು ಬೆಲೆ ಏರಿರುತ್ತಿತ್ತು ಎಂದು ಅಣ್ಣ ಈಗಲೂ ಹೇಳುತ್ತಾನೆ. ಇರಬಹುದು. ಆದರೆ ನಿವೇಶನದ ಒಂದು ಮೂಲೆಯನ್ನು ಮಾರಿ ಈ ತಿಂಗಳ ಔಷಧಿ ಕೊಳ್ಳಲು ಆಗುವುದಿಲ್ಲ. ಪಿಪಿಎಫ್‌ಗೆ ಇನ್ನೊಂದು ಗುಣವಿದೆ. ಅದರಲ್ಲಿರುವ ಹಣವನ್ನು ಸಾಲಕ್ಕಾಗಿ ನ್ಯಾಯಾಲಯದ ಆದೇಶದ ಮೇಲೂ ಜಪ್ತಿ ಮಾಡುವಂತಿಲ್ಲ. ಜಾಮೀನಿನ ನೋಟಿಸ್ ಕಂಡವಳಿಗೆ ಅದರ ಬೆಲೆ ಗೊತ್ತಿದೆ.

ಒಡವೆಯ ಬಗ್ಗೆ ಎರಡು ಮಾತು. ಮದುವೆಯಲ್ಲಿ ನಿಮಗೆ ಕೊಟ್ಟ ಬಂಗಾರ ಸ್ತ್ರೀಧನ, ಅದು ನಿಮ್ಮದೇ. ವಾಪಸ್ ಸಿಕ್ಕಿದ್ದರೆ ಎಲ್ಲವನ್ನೂ ಮಗಳ ಮದುವೆಗೆ ಎಂದು ಮನಸ್ಸಿನಲ್ಲೇ ಬರೆದುಕೊಡಬೇಡಿ. ಅದರಲ್ಲಿ ಒಂದು ಪಾಲು ನಿಮ್ಮ ಮುಪ್ಪಿಗೆ ಎಂದು ಈಗಲೇ ಗುರುತು ಮಾಡಿ. ಹಾಗೆಯೇ ತವರಿನ ಆಸ್ತಿ: 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಗಳಿಗೆ ಮಗನಷ್ಟೇ ಹಕ್ಕು. ಚನ್ನಗಿರಿಯ ಅಡಿಕೆ ತೋಟವಾಗಲಿ, ಜಗಳೂರಿನ ಒಣ ಹೊಲವಾಗಲಿ, ಅರಿಶಿನ ಕುಂಕುಮಕ್ಕೆಂದು ಕೊಟ್ಟ ಸೀರೆಯ ಜೊತೆ ಹಕ್ಕು ಬಿಡುಗಡೆ ಪತ್ರಕ್ಕೂ ಸಹಿ ಕೇಳಿದರೆ, ಓದದೆ ಹಾಕಬೇಡಿ.

ಹಂತ 5: ಎಷ್ಟು ಬೇಕು, ಎಷ್ಟು ಸಾಧ್ಯ

ಇಂದು ತಿಂಗಳಿಗೆ 15,000 ರೂಪಾಯಿಯಲ್ಲಿ ನಡೆಯುವ ಜೀವನಕ್ಕೆ, ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, 20 ವರ್ಷದ ನಂತರ ಸುಮಾರು 48,000 ಬೇಕಾಗುತ್ತದೆ. ಈ ಅಂಕಿಯನ್ನು ಮೊದಲ ಸಲ ಬರೆದಾಗ ನಾನು ಪೆನ್ನು ಕೆಳಗಿಟ್ಟು ಎದ್ದು ಹೋಗಿದ್ದೆ. ನೀವು ಹಾಗೆ ಮಾಡಬೇಡಿ. ಪೂರ್ತಿ ಗುರಿ ಕಂಡು ಹೆದರುವುದಕ್ಕಿಂತ ಈ ತಿಂಗಳು ಎಷ್ಟು ಸಾಧ್ಯ ಎಂದು ಕೇಳಿಕೊಳ್ಳಿ.

ಬೇಗ ಶುರು ಮಾಡುವುದರ ಬಲ ಎಷ್ಟೆಂದು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. 38ನೇ ವಯಸ್ಸಿನಿಂದ 60ರವರೆಗೆ ತಿಂಗಳಿಗೆ 5,000 ರೂಪಾಯಿ ಶೇ 8ರ ಬೆಳವಣಿಗೆಯಲ್ಲಿ ಕೂಡಿದರೆ ಕೊನೆಗೆ ಸುಮಾರು 35 ಲಕ್ಷ 80 ಸಾವಿರ ಆಗುತ್ತದೆ. ಅದನ್ನೇ ಐದು ವರ್ಷ ತಡವಾಗಿ, 43ರಲ್ಲಿ ಶುರು ಮಾಡಿದರೆ ಸುಮಾರು 21 ಲಕ್ಷ 60 ಸಾವಿರ. ಕಟ್ಟದೆ ಬಿಟ್ಟದ್ದು ಮೂರು ಲಕ್ಷ, ಕಳೆದುಕೊಂಡದ್ದು ಹದಿನಾಲ್ಕು ಲಕ್ಷ. ಮಗಳು ಹತ್ತನೇ ತರಗತಿ ಮುಗಿಸಲಿ, ಆಮೇಲೆ ನೋಡೋಣ ಎನ್ನುವವರಿಗೆ ನಾನು ಈ ಎರಡು ಸಾಲುಗಳನ್ನೇ ಬರೆದು ಕೊಡುತ್ತೇನೆ.

ಐದು ಸಾವಿರ ಆಗದಿದ್ದರೆ ಐದುನೂರರಿಂದ ಶುರು ಮಾಡಿ. ಸಂಬಳ ಬಂದ ಮರುದಿನವೇ ಖಾತೆಯಿಂದ ಕಡಿತವಾಗುವಂತೆ ಮಾಡಿ. ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡುತ್ತೇನೆ ಎಂದು ನಾನು ಎರಡು ವರ್ಷ ಪ್ರಯತ್ನಿಸಿದೆ, ಒಂದು ತಿಂಗಳೂ ಉಳಿಯಲಿಲ್ಲ. ಸಂಬಳ ಏರಿದಾಗ, ಏರಿಕೆಯ ಅರ್ಧ ಮೂರನೆಯವಳಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ, ಹರಿಹರಕ್ಕೆ ದಿನವೂ ಹೋಗಿ ಬರುವ ನನ್ನ ಟಿಕೆಟ್ ಹಣ ಕೈಯಲ್ಲಿ ಉಳಿಯತೊಡಗಿತು. ಅದು ಅಡುಗೆಮನೆಯ ಡಬ್ಬಿಯೊಳಗೆ ಕರಗುವ ಮೊದಲೇ ಅಷ್ಟೇ ಮೊತ್ತದ ಆರ್‌ಡಿ ಖಾತೆಯನ್ನು ಅಂಚೆ ಕಚೇರಿಯಲ್ಲಿ ತೆರೆದೆ. ಗೃಹಲಕ್ಷ್ಮಿ ಬರುವವರು ಆ ಹಣದ ಒಂದು ಭಾಗಕ್ಕೂ ಇದೇ ರೀತಿ ಒಂದು ಜಾಗ ಗೊತ್ತುಮಾಡಿ.

ಹಂತ 6: ಎಲ್ಲಿ ಇಡುವುದು

ಸಂಬಳದಲ್ಲಿ ಪಿಎಫ್ ಕಡಿತವಾಗುವ ಕೆಲಸವಾದರೆ ಅದೇ ನಿಮ್ಮ ಬೆನ್ನೆಲುಬು. ಮೂಲ ವೇತನ 18,000 ಇದ್ದರೆ ನಿಮ್ಮಿಂದ ಶೇ 12, ಅಂದರೆ 2,160 ಹೋಗುತ್ತದೆ. ಮಾಲೀಕರೂ ಅಷ್ಟೇ ಹಾಕಿದರೆ ಅದರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ, ಉಳಿದ 910 ನಿಮ್ಮ ಪಿಎಫ್‌ಗೆ ಸೇರುತ್ತದೆ. ತಿಂಗಳಿಗೆ 3,070 ನಿಮ್ಮ ಕಣ್ಣಿಗೆ ಬೀಳದೆ ಕೂಡುತ್ತಿರುತ್ತದೆ. 2024-25ಕ್ಕೆ ಇದರ ಬಡ್ಡಿ ಶೇ 8.25. ಶೇ 12ಕ್ಕಿಂತ ಹೆಚ್ಚು ಕಡಿತ ಮಾಡಿ ಎಂದು ಕಚೇರಿಗೆ ಬರೆದುಕೊಟ್ಟರೆ ಹೆಚ್ಚುವರಿ ಹಣಕ್ಕೂ ಅದೇ ಬಡ್ಡಿ. ನಾನು ಮೂರನೇ ವರ್ಷದಿಂದ ಹಾಗೆ ಮಾಡಿದ್ದೇನೆ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಪಿಎಫ್ ಕಾನೂನು ಅನ್ವಯಿಸುತ್ತದೆ. ಆದ್ದರಿಂದ ಕೆಲಸಕ್ಕೆ ಸೇರುವಾಗ ಸಂಬಳದ ಜೊತೆಗೆ ಇದನ್ನೂ ಕೇಳಿ. ಎರಡು ಸಾವಿರ ಹೆಚ್ಚು ಸಂಬಳ ಕೊಟ್ಟು ಪಿಎಫ್ ಇಲ್ಲ ಎನ್ನುವ ಕೆಲಸಕ್ಕಿಂತ ಪಿಎಫ್ ಇರುವ ಕೆಲಸ ಎಷ್ಟೋ ಮೇಲು.

ಕೆಲಸ ಬದಲಿಸಿದಾಗ ಹಣ ತೆಗೆಯಬೇಡಿ, ವರ್ಗಾಯಿಸಿ. ಪಿಂಚಣಿಗೆ ಅರ್ಹತೆ ಬರಲು ಕನಿಷ್ಠ 10 ವರ್ಷದ ಸೇವೆ ಬೇಕು. ನಡುವೆ ಪಿಂಚಣಿ ಪಾಲನ್ನು ತೆಗೆದುಕೊಂಡರೆ ಎಣಿಕೆ ಮತ್ತೆ ಮೊದಲಿನಿಂದ. ನನ್ನ ಮೊದಲ ಮೂರು ವರ್ಷ ಹಾಗೆಯೇ ಹೋಯಿತು.

ಎರಡನೆಯ ಜಾಗ ಪಿಪಿಎಫ್. ವರ್ಷಕ್ಕೆ ಕನಿಷ್ಠ 500 ರೂಪಾಯಿ, 15 ವರ್ಷದ ಅವಧಿ, ನಂತರ ಐದೈದು ವರ್ಷ ಮುಂದುವರಿಸಬಹುದು. 2020ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 7.1ಕ್ಕೆ ಇಳಿಯಿತು, 2025ರಲ್ಲೂ ಅಷ್ಟೇ ಇತ್ತು. ಬಡ್ಡಿಗೆ ತೆರಿಗೆಯಿಲ್ಲ. ವರ್ಷಕ್ಕೆ 60,000ದಂತೆ 15 ವರ್ಷ ಏಪ್ರಿಲ್‌ನಲ್ಲೇ ಹಾಕಿದರೆ ಇದೇ ದರದಲ್ಲಿ ಸುಮಾರು 16 ಲಕ್ಷ 27 ಸಾವಿರ ಆಗುತ್ತದೆ.

ಮೂರನೆಯದು ಎನ್‌ಪಿಎಸ್. ಇದು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ವರ್ಷಕ್ಕೆ ಸಾವಿರ ರೂಪಾಯಿಯಿಂದ ನಡೆಸಬಹುದು, ನಿರ್ವಹಣಾ ವೆಚ್ಚ ಕಡಿಮೆ, ಒಂದು ಭಾಗ ಷೇರು ಪೇಟೆಯಲ್ಲಿ ತೊಡಗುತ್ತದೆ. ನಡುವೆ ಹಣ ತೆಗೆಯುವುದು ಕಷ್ಟ, ಕೊನೆಗೆ ಸಾಮಾನ್ಯವಾಗಿ ಒಂದು ಭಾಗದಿಂದ ಪಿಂಚಣಿ ಕೊಳ್ಳಬೇಕು. ಹಲವರು ಇದನ್ನು ದೋಷ ಎನ್ನುತ್ತಾರೆ. ಒಂಟಿ ತಾಯಿಗೆ ಇದು ಗುಣವೆಂದೇ ನನ್ನ ಅಭಿಪ್ರಾಯ. ಮಗ ಬೈಕ್ ಕೇಳಿದಾಗ, ತಮ್ಮ ವ್ಯಾಪಾರಕ್ಕೆ ಕೇಳಿದಾಗ, 'ತೆಗೆಯಲು ಬರುವುದಿಲ್ಲ' ಎಂದು ಸತ್ಯವನ್ನೇ ಹೇಳಬಹುದು. ಇಂಡೆಕ್ಸ್ ಫಂಡ್‌ನಲ್ಲಿ (ಷೇರು ಸೂಚ್ಯಂಕವನ್ನೇ ಅನುಸರಿಸುವ ಮ್ಯೂಚುವಲ್ ಫಂಡ್) ಎಸ್‌ಐಪಿ, ಅಂದರೆ ತಿಂಗಳ ಕಂತಿನ ಹೂಡಿಕೆ, ಮಾಡುವವರು ಕನಿಷ್ಠ ಏಳೆಂಟು ವರ್ಷ ಮುಟ್ಟದ ಹಣವನ್ನು ಮಾತ್ರ ಹಾಕಿ. 2020ರ ಮಾರ್ಚ್‌ನಲ್ಲಿ ಪೇಟೆ ಕುಸಿದಾಗ ಹೆದರಿ ಮಾರಿದವರು ಆಮೇಲೆ ಕೊರಗಿದ್ದನ್ನು ನೋಡಿದ್ದೇನೆ.

ಮಂಡಕ್ಕಿ ಭಟ್ಟಿಯಲ್ಲಿ, ಹೋಟೆಲಿನಲ್ಲಿ, ಮನೆಗೆಲಸದಲ್ಲಿ, ಹೊಲಿಗೆಯಲ್ಲಿ ದುಡಿಯುವವರಿಗೆ ಪಿಎಫ್ ಇರುವುದಿಲ್ಲ. 40 ತುಂಬುವ ಮೊದಲೇ ಅಟಲ್ ಪಿಂಚಣಿ ಯೋಜನೆಗೆ ಸೇರಿ. 35ನೇ ವಯಸ್ಸಿನಲ್ಲಿ ತಿಂಗಳಿಗೆ 902 ರೂಪಾಯಿಯಂತೆ ಕಟ್ಟಿದರೆ 60ರ ನಂತರ ತಿಂಗಳಿಗೆ 5,000 ಖಾತ್ರಿ ಪಿಂಚಣಿ. ಆದಾಯ ತೆರಿಗೆ ಕಟ್ಟುವವರು ಹೊಸದಾಗಿ ಸೇರುವಂತಿಲ್ಲ. ತಿಂಗಳ ಆದಾಯ 15,000 ಮೀರದವರಿಗೆ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಇದೆ. ಅದರಲ್ಲಿ ನೀವು ಕಟ್ಟಿದಷ್ಟನ್ನೇ ಕೇಂದ್ರ ಸರ್ಕಾರವೂ ಸೇರಿಸುತ್ತದೆ, 60ರ ನಂತರ ತಿಂಗಳಿಗೆ 3,000. ಆದರೆ ಇಷ್ಟರಿಂದಲೇ ಮುಪ್ಪು ದಾಟುತ್ತದೆ ಎಂದುಕೊಳ್ಳಬೇಡಿ. ಬೆಲೆಗಳು ಶೇ 6ರಂತೆ ಏರಿದರೆ 25 ವರ್ಷದ ನಂತರದ 5,000ಕ್ಕೆ ಸಿಗುವುದು ಇಂದು 1,200 ರೂಪಾಯಿಗೂ ಕಡಿಮೆಗೆ ಸಿಗುವ ಸಾಮಾನು. ಅದರ ಪಕ್ಕದಲ್ಲಿ ಇನ್ನೊಂದು ಖಾತೆ ಬೇಕೇ ಬೇಕು.

ಬಡತನ ರೇಖೆಗಿಂತ ಕೆಳಗಿರುವ, 40ರಿಂದ 64 ವರ್ಷದ ವಿಚ್ಛೇದಿತ ಮಹಿಳೆಯರಿಗೆ ರಾಜ್ಯ ಸರ್ಕಾರದ ಮನಸ್ವಿನಿ ಯೋಜನೆಯಲ್ಲಿ ಮಾಸಾಶನವಿದೆ. 65ರ ನಂತರ ಸಂಧ್ಯಾ ಸುರಕ್ಷಾ. ಎರಡಕ್ಕೂ ಅರ್ಜಿ ನಾಡಕಚೇರಿಯಲ್ಲಿ.

ಹಂತ 7: ಎಲ್ಲಿ ಇಡಬಾರದು

ನಮ್ಮ ಊರು ವ್ಯಾಪಾರದ ಊರು. ಇಲ್ಲಿ ಹಣ ಚೀಟಿಯಲ್ಲಿ, ಕೈಬಡ್ಡಿಯಲ್ಲಿ, ಪತ್ತಿನ ಸಹಕಾರ ಸಂಘಗಳಲ್ಲಿ ತಿರುಗುತ್ತಲೇ ಇರುತ್ತದೆ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿದಂತೆ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ಹೆಸರು ಕೇಳಲು ಎರಡೂ ಒಂದೇ ರೀತಿ ಇರುತ್ತವೆ, ಬೋರ್ಡೂ ಅಷ್ಟೇ ದೊಡ್ಡದಾಗಿರುತ್ತದೆ. ನನ್ನ ಜೊತೆ ದುಡಿಯುವ ಒಬ್ಬರು ಒಂದೂವರೆ ಪರ್ಸೆಂಟ್ ಹೆಚ್ಚಿನ ಬಡ್ಡಿಗೆಂದು ತಮ್ಮ ಇಡಿಗಂಟನ್ನು ಅಂಥ ಒಂದು ಸಂಘದಲ್ಲಿಟ್ಟರು. ಅವಧಿ ಮುಗಿದು ಎಷ್ಟೋ ತಿಂಗಳಾದರೂ ಕಂತು ಕಂತಾಗಿ ಬೇಡಿ ಪಡೆಯಬೇಕಾಗಿದೆ. ಒಳ್ಳೆಯ ಸಂಘಗಳೂ ಇವೆ. ಆದರೆ ಎಡವಿದರೆ ಮತ್ತೆ ದುಡಿದು ತುಂಬಿಸಲು ವರ್ಷಗಳಿಲ್ಲದ ಹಣವನ್ನು ಅಲ್ಲಿ ಇಡಬೇಡಿ.

ಚೀಟಿ ಹಾಕುವುದಾದರೆ ನೋಂದಾಯಿತ ಸಂಸ್ಥೆಯಲ್ಲಿ, ಅದೂ ಶಾಲೆಯ ಶುಲ್ಕ, ಫ್ರಿಜ್ಜು ಇಂಥ ಹತ್ತಿರದ ಖರ್ಚಿಗೆ. ತೆರಿಗೆ ಉಳಿಯುತ್ತದೆ ಎಂದು ಮಾರುವ ದೀರ್ಘಾವಧಿ ವಿಮಾ ಪಾಲಿಸಿಗಳಿಗೂ ಅವಸರ ಬೇಡ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳ, ಬಡ್ಡಿಯಂಥ ವಾರ್ಷಿಕ ಆದಾಯ 12 ಲಕ್ಷದೊಳಗಿದ್ದರೆ ತೆರಿಗೆಯೇ ಬರುವುದಿಲ್ಲ. ಬಾರದ ತೆರಿಗೆಯನ್ನು ಉಳಿಸಲು ಇಪ್ಪತ್ತು ವರ್ಷ ಕಂತು ಕಟ್ಟುವ ಅಗತ್ಯವಿಲ್ಲ.

ಹಂತ 8: ಗಂಟು ಒಡೆಯದಂತೆ ಕಾವಲು

ಮುಪ್ಪಿನ ಹಣ ಕರಗುವುದು ಎರಡು ಕಡೆ. ಒಂದು ಆಸ್ಪತ್ರೆ. ತಿಂಗಳ ವೇತನ 21,000ದವರೆಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಮಗುವಿನ ಹೆಸರನ್ನೂ ಅವ್ವನ ಹೆಸರನ್ನೂ ಅದರಲ್ಲಿ ಸೇರಿಸಿ. ಬಿಪಿಎಲ್ ಚೀಟಿ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ. ಎರಡೂ ಇಲ್ಲದವರು ಸ್ವಂತ ಆರೋಗ್ಯ ವಿಮೆ ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಮಗು ಸ್ವಂತ ಕಾಲ ಮೇಲೆ ನಿಲ್ಲುವವರೆಗೆ ನಿಮ್ಮ ಜೀವಕ್ಕೆ ಒಂದು ಟರ್ಮ್ ವಿಮೆಯೂ ಬೇಕು. ಅದು ಕೈಗೆಟುಕದಿದ್ದರೆ ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿಯ ಜೀವನಜ್ಯೋತಿ, 20 ರೂಪಾಯಿಯ ಸುರಕ್ಷಾ (ಅಪಘಾತ) ವಿಮೆಗಳನ್ನಾದರೂ ಮಾಡಿಸಿ, ಒಂದೊಂದರ ರಕ್ಷಣೆಯೂ 2 ಲಕ್ಷ.

ಇನ್ನೊಂದು ಕಡೆ ಮಕ್ಕಳ ಓದು. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಏಕೆಂದರೆ ತಂದೆ ಜೊತೆಗಿಲ್ಲದ ಮಗುವಿಗೆ ಯಾವುದೂ ಕಡಿಮೆಯಾಗಬಾರದು ಎಂಬ ಹಟ ನಮಗೆಲ್ಲರಿಗೂ ಇದೆ. ಆ ಹಟದಲ್ಲಿ ಪಿಎಫ್ ತೆಗೆದು ದೊಡ್ಡ ಊರಿನ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಕಟ್ಟುತ್ತೇವೆ. ಮೆಡಿಕಲ್, ಎಂಜಿನಿಯರಿಂಗ್, ಪದವಿ, ಎಲ್ಲ ಕಾಲೇಜುಗಳೂ ಇರುವ ಊರು ನಮ್ಮದು. ಸಿಇಟಿಯ ಸರ್ಕಾರಿ ಸೀಟಿನಲ್ಲಿ ಓದಿ ಮನೆಯಿಂದ ಓಡಾಡುವ ಮಗುವಿಗೆ ಹಾಸ್ಟೆಲ್ ಖರ್ಚಿಲ್ಲ. ಅದಕ್ಕೂ ಮೀರಿದ್ದಕ್ಕೆ ಶಿಕ್ಷಣ ಸಾಲ ತೆಗೆಯಿರಿ, ಸಾಮಾನ್ಯವಾಗಿ 4 ಲಕ್ಷದವರೆಗೆ ಯಾವ ಅಡಮಾನವೂ ಬೇಕಾಗುವುದಿಲ್ಲ. ಮಗಳು ಪಿಯುಸಿಯಲ್ಲಿದ್ದಾಗ ಅವಳನ್ನು ಕೂರಿಸಿಕೊಂಡು ಎಲ್ಲ ಪಾಸ್‌ಬುಕ್‌ಗಳನ್ನು ತೋರಿಸಿದೆ. 'ಇದು ನಿನ್ನ ಓದಿಗೆ, ಇದು ಮನೆಗೆ, ಇದನ್ನು ಮುಟ್ಟುವಂತಿಲ್ಲ' ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವ್ವಾ, ಇದನ್ನು ಮೊದಲೇ ಹೇಳಿದ್ದರೆ ನಾನು ಆ ಟ್ಯೂಷನ್‌ಗೆ ಸೇರುತ್ತಿರಲಿಲ್ಲ' ಎಂದಳು. ಮಕ್ಕಳಿಗೆ ಲೆಕ್ಕ ಅರ್ಥವಾಗುತ್ತದೆ.

ಹಂತ 9: ವರ್ಷಕ್ಕೊಂದು ದಿನ

ದೀಪಾವಳಿಯ ಅಮಾವಾಸ್ಯೆಯಂದು ನಮ್ಮೂರ ಮಂಡಿಗಳಲ್ಲಿ, ಅಂಗಡಿಗಳಲ್ಲಿ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ನಾನೂ ಅಂದು ಒಂದು ಇನ್ನೂರು ಪುಟದ ಪುಸ್ತಕವನ್ನು ದೇವರ ಮುಂದಿಟ್ಟು, ಸಂಜೆ ತೆರೆಯುತ್ತೇನೆ. ಪ್ರತಿ ಖಾತೆಯ ಸಂಖ್ಯೆ, ಶಿಲ್ಕು, ನಾಮಿನಿಯ ಹೆಸರು, ವಿಮೆಯ ಕಂತಿನ ತಾರೀಕು ಬರೆಯುತ್ತೇನೆ. ಪಿಎಫ್ ಪಾಸ್‌ಬುಕ್‌ನಲ್ಲಿ ಮಾಲೀಕರ ಪಾಲು ಪ್ರತಿ ತಿಂಗಳೂ ಸೇರಿದೆಯೇ ಎಂದು ನೋಡುತ್ತೇನೆ. ಒಂದು ಸಲ ಎರಡು ತಿಂಗಳದ್ದು ಬಿಟ್ಟುಹೋಗಿತ್ತು, ಕೇಳಿದ ಮೇಲೆ ಹಾಕಿದರು. ಜೀವನಾಂಶ ತಿಂಗಳು ತಿಂಗಳು ಬರುವವರು ಬಾಕಿಯ ಪಟ್ಟಿಯನ್ನೂ ಇಲ್ಲೇ ಬರೆಯಿರಿ. ಪರಿಸ್ಥಿತಿ ಬದಲಾದರೆ ಮೊತ್ತ ಹೆಚ್ಚಿಸಲು ನ್ಯಾಯಾಲಯಕ್ಕೆ ಮತ್ತೆ ಅರ್ಜಿ ಹಾಕಬಹುದು, ಆಗ ಈ ಪುಟ ಬೇಕಾಗುತ್ತದೆ.

ಈ ವರ್ಷ ಮಗಳಿಗೆ ಹದಿನೆಂಟು ತುಂಬಿದೆ. ನಾಮಿನಿಯ ಜಾಗದಲ್ಲಿ ಅವಳ ಹೆಸರಿನ ಕೆಳಗಿದ್ದ ಅಕ್ಕನ ಹೆಸರನ್ನು ಎಲ್ಲ ಕಡೆ ತೆಗೆಸಬೇಕು. ಅಂಚೆ ಕಚೇರಿಯದು ಆಗಿದೆ, ವಿಮೆಯದು ಮುಂದಿನ ವಾರ. ಪುಸ್ತಕದ ಕೊನೆಯ ಪುಟದಲ್ಲಿ ಲಾಕರ್ ಕೀಲಿ ಎಲ್ಲಿದೆ, ಉಯಿಲು ಯಾರ ಬಳಿ ಇದೆ ಎಂದು ಬರೆದಿದ್ದೇನೆ. ಆ ಪುಟವನ್ನು ಈ ಸಲ ಅವಳ ಕೈಯಲ್ಲೇ ಬರೆಸಿದೆ.